ಬರಿಗಾಲಲ್ಲಿ ನಿಂತ ಕಳ್ಳ

ಬಾಳೆಗೊನೆ ಹೊತ್ತು ಬಂದವನೊಬ್ಬ ನನ್ನ ಕಾಲು ತುಳಿದು ನನ್ನನ್ನೇ ಬೈದ.

“ದಾರಿ ಮಧ್ಯೆ ಕಂಬ ನೆಟ್ಟ ಹಾಗೆ ನಿಂತಿದೀಯಲ್ಲಮ್ಮಾ, ಕಣ್ಣು ಕಾಣಲ್ವಾ?”

“ಕಾಣ್ತದೆ. ನಿನ್ನ ಕಾಲು ನನ್ನ ಹೆಬ್ಬೆರಳ ಮೇಲಿರೋದೂ ಕಾಣ್ತದೆ. ಎತ್ತು.”

ಗೊನೆಯ ಹಿಂದಿನಿಂದ ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದ. ಏನು ಕಂಡಿತೋ, ಕಾಲೆತ್ತಿ ಹೊರಟೇ ಹೋದ.

ದಿಂಡಿಗಲ್ಲಿನ ಬಯಲು ಚಂದೆ, ಅಂದರೆ ಸಂತೆ, ಆಗಲೇ ಕಾವೇರಿತ್ತು. ಸಿರುಮಲೆ ಬಾಳೆಯ ಸಾಲು, ಸಣ್ಣ ಈರುಳ್ಳಿಯ ರಾಶಿ, ನುಗ್ಗೆಕಾಯಿಯ ಕಟ್ಟು. ಒದ್ದೆ ಬಟ್ಟೆಯ ಕೆಳಗೆ ಮಲ್ಲಿಗೆ ಮುಚ್ಚಿಕೊಂಡು ಕೂತ ಹೆಂಗಸರು. ಕೊಳ್ಳಲು ಬಂದವರು ಸರಕು ನೋಡುತ್ತಿದ್ದರು. ನಾನು ಮುಖ ನೋಡುತ್ತಿದ್ದೆ. ನಮ್ಮೂರಿನ ಮುಖ. ಮಾರಲು ದ್ರಾಕ್ಷಿಯಾಗಲಿ ಟೊಮೆಟೊ ಆಗಲಿ ತರದೆ, ಬರಿಗೈಯಲ್ಲಿ ಬಂದು ನಿಂತ ನಮ್ಮೂರಿನ ಒಂದು ಮುಖ.

ಯಾಕೆ ಅಂದರೆ, ಕಂಬಂ ಪಕ್ಕದ ನಮ್ಮೂರು ಮಲ್ಲಯ್ಯಪಟ್ಟಿಯ ದೇವರ ಕೊಟ್ಟಿಗೆಯಿಂದ, ದೇವರಿಗೆ ಬಿಟ್ಟ ಪಟ್ಟದ ಹೋರಿಯನ್ನು ಯಾರೋ ಕದ್ದಿದ್ದರು. ಕದ್ದವನು ಪಾಂಡಿ ಎಂದು ಊರು ತೀರ್ಮಾನ ಮಾಡಿ ಅವನನ್ನು ಠಾಣೆಗೆ ಒಪ್ಪಿಸಿತ್ತು. ಇವತ್ತು ಸಂಜೆಯೊಳಗೆ ಹೋರಿ ಸಿಗದಿದ್ದರೆ ಅವನಿಗೆ ಜೈಲು.

ಪಾಂಡಿ ನನ್ನ ದ್ರಾಕ್ಷಿ ಸಾಗಿಸುವ ವ್ಯಾನಿನವನು. ನನ್ನ ಗಂಡ ಸತ್ತ ವರ್ಷ, ವಿಧವೆ ಚಂದೆಯಲ್ಲಿ ಕೂರಬಾರದು ಎಂದು ನಮ್ಮ ಮಂದಿಯೇ ನನ್ನ ಬುಟ್ಟಿ ಎತ್ತಿ ಎಸೆದರು. ಆಗ ತೇನಿಯ ಚಂದೆಯಲ್ಲಿ ನಾಲ್ಕು ಜನರ ಎದುರಿಗೆ ತಕ್ಕಡಿ ತಂದು ನೆಲಕ್ಕೆ ಕುಕ್ಕಿ, “ದೈವಾನೈಯಕ್ಕ ಇಲ್ಲೇ ಕೂರ್ತಾಳೆ, ಯಾರು ಎಬ್ಬಿಸ್ತೀರೋ ಎಬ್ಬಿಸಿ” ಎಂದವನು ಅವನು. ತಮಿಳಿನವನು; ನಮ್ಮ ಜಾತಿಯವನಲ್ಲ, ನಮ್ಮ ಕನ್ನಡ ಆಡುವವನಲ್ಲ. ಹಾಗಾಗಿಯೇ ಅವನ ಮೇಲೆ ಕಳ್ಳತನ ಹೊರಿಸುವುದು ಊರಿಗೆ ಸುಲಭವಾಯಿತು.

ಆದರೆ ಕಳ್ಳ ಪಾಂಡಿಯಲ್ಲ. ಅದಕ್ಕೆ ಸಾಕ್ಷಿಯನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ.

ಕದ್ದ ರಾತ್ರಿ ಮಳೆ ಬಂದಿತ್ತು. ಬೆಳಕು ಹರಿಯುವಾಗ ಕೊಟ್ಟಿಗೆಯ ಬಾಗಿಲಿಗೆ ಮೊದಲು ಹೋದವಳು ನಾನು. ಬಾಗಿಲ ತನಕ ಕೆಸರಿನಲ್ಲಿ ಚಪ್ಪಲಿಯ ಗುರುತು. ಬಾಗಿಲಿನಿಂದ ಒಳಕ್ಕೆ ಬರಿಗಾಲಿನ ಗುರುತು. ಹೊರಗೆ ಬರುವಾಗಲೂ ಬರಿಗಾಲೇ, ಅದರ ಪಕ್ಕದಲ್ಲಿ ಹೋರಿಯ ಗೊರಸು.

ಅದು ಗುಡಿಯಲ್ಲ. ಒಳಗೆ ವಿಗ್ರಹವಿಲ್ಲ, ದೀಪವಿಲ್ಲ. ಸಗಣಿ, ಗಂಜಲ, ಹುಲ್ಲು, ಅಷ್ಟೇ. ಹೊರಗಿನವರು ಯಾರೇ ಬಂದರೂ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತಾರೆ. ಪಾಂಡಿಯೂ ನುಗ್ಗುತ್ತಿದ್ದ. ಪ್ರತಿ ಸಲ ಬೈಸಿಕೊಳ್ಳುತ್ತಿದ್ದ. “ಸಗಣೀಲಿ ಬರಿಗಾಲಾ? ನಿಮ್ಮ ಸಾಮಿಗೆ ಮೂಗೇ ಇಲ್ಲವಾ ಅಕ್ಕಾ?” ಎಂದು ನಗುತ್ತಿದ್ದ. ನಮ್ಮ ಮಂದಿ ಮಾತ್ರ ಆ ಹೋರಿಯ ಎದುರು ಚಪ್ಪಲಿ ಮೆಟ್ಟುವುದಿಲ್ಲ. ಮಗು ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತದೆ.

ಕತ್ತಲಲ್ಲಿ, ಬೈಯಲು ಯಾರೂ ಇಲ್ಲದಾಗ, ಕದಿಯಲು ಬಂದವನು ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಿದ್ದಾನೆ! ಅವನು ನಮ್ಮವನೇ.

ಇದನ್ನು ಊರ ಕೂಟದಲ್ಲಿ ಎದ್ದು ಹೇಳಿದೆ. ಅಷ್ಟರಲ್ಲಿ ಊರೆಲ್ಲ ತುಳಿದು ಗುರುತು ಅಳಿಸಿಹೋಗಿತ್ತು. ನಾಟಾಮೆ ಗೋವಿಂದನ್, ಅಂದರೆ ನಮ್ಮೂರಿನ ಯಜಮಾನರು, ಕೈ ಎತ್ತಿ, “ನಮ್ಮ ರಕ್ತ ಸಾಮಿಯನ್ನು ಕದಿಯಲ್ಲ. ಹೆಂಗಸು ಬಾಯಿ ಮುಚ್ಚಿ ಕೂತ್ಕೊ” ಎಂದರು.

ಕೂರಲಿಲ್ಲ. ಬಸ್ಸು ಹತ್ತಿದೆ.

ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಹತ್ತಿರ. ಒಂದು ನಾಟಾಮೆಯದು. ಅವರು ಕೋಲಿಲ್ಲದೆ ಅಂಗಳ ದಾಟಲಾರರು. ಇನ್ನೊಂದು ಅವರ ಅಳಿಯ ಕಾರ್ತಿಕೇಯನ್‌ದು. ಅವನು ಕೊಟ್ಟಿಗೆ ಕಮಿಟಿಯ ಕಾರ್ಯದರ್ಶಿ. ಹೋರಿ ಕಾಣೆಯಾದ ದಿನ ಕೂಟದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು. ಹೋರಿ ಕೇರಳಕ್ಕೇ ಹೋಗುತ್ತದೆ ಎಂದು ಊರಿನ ಗಂಡಸರನ್ನೆಲ್ಲ ಗೂಡಲೂರಿಗೆ ಕಳಿಸಿ, ಕುಮಿಳಿ ಘಾಟಿ ಹತ್ತುವ ಲಾರಿಗಳ ಟಾರ್ಪಾಲು ಎತ್ತಿಸಿ ನೋಡುವ ಕಾವಲು ಹಾಕಿಸಿದವನೂ ಅವನೇ. ಮೂರನೆಯ ಕೀಲಿ ಹೋರಿಗೆ ಹುಲ್ಲು ಹಾಕುವ ಜೆಯಕುಮಾರ್‌ದು. ಸಾರಾಯಿ ಒಳಗಿಳಿದರೆ ಕೀಲಿಯಲ್ಲ, ಹೆಂಡತಿಯ ತಾಳಿಯನ್ನೂ ಕೊಟ್ಟುಬಿಡುವ ಮನುಷ್ಯ. ಆ ಸಂಜೆ ಹುಲ್ಲಿನ ಹೊರೆ ಇಳಿಸಲು ಪಾಂಡಿಯ ಕೈಗೆ ಕೀಲಿ ಕೊಟ್ಟೆ ಎಂದು ಠಾಣೆಯಲ್ಲಿ ಹೇಳಿದವನು ಅವನೇ. ನನ್ನ ಅನುಮಾನವೆಲ್ಲ ಅವನ ಮೇಲಿತ್ತು.

ಪಡುವಣ ದಾರಿಯಲ್ಲಿ ಇಡೀ ಊರು ಕಾವಲಿದೆ. ಕಳ್ಳನಿಗೆ ತಲೆಯಿದ್ದರೆ ಮೂಡಣಕ್ಕೆ ಬರುತ್ತಾನೆ. ತೇನಿಯ ಚಂದೆಯನ್ನು ನಿನ್ನೆ ಜಾಲಾಡಿ ಮುಗಿಸಿದ್ದೆ. ಇವತ್ತು ದಿಂಡಿಗಲ್.

ತರಕಾರಿ ಸಾಲು ದಾಟಿದರೆ ಪಾತ್ರೆಯವರು, ಅವರ ಆಚೆ ಚಿನ್ನಾಳಪಟ್ಟಿ ಸೀರೆಗಳನ್ನು ಹಗ್ಗದ ಮೇಲೆ ಹರವಿದವರು. ಸೀರೆಗಳ ಸಂದಿಯಲ್ಲಿ ನುಸುಳಿ ಹೊರಬಂದರೆ ದನದ ಬಯಲು. ಅದರ ಬಾಯಲ್ಲೇ, ಗೋಣಿಯ ಮೇಲೆ ಹಗ್ಗ, ಗಂಟೆ, ಕೊರಳಪಟ್ಟಿ ಹರಡಿಕೊಂಡು ಚೆಲ್ಲಮ್ಮಾಳ್ ಕೂತಿದ್ದಳು. ಬೋಡಿನಾಯಕನೂರಿನವಳು, ನನ್ನ ಸೋದರತ್ತೆ. ಈ ಸೀಮೆಯಲ್ಲಿ ದನ ಮಾರುವ ಚಂದೆ ಯಾವುದಿದ್ದರೂ ಅವಳ ಗೋಣಿ ಅಲ್ಲಿರುತ್ತದೆ.

“ಬಂದ್ಯಾಡೀ?” ಎಂದಳು. ನನ್ನ ಕೈ ನೋಡಿದಳು. “ಕಂಬಂನಿಂದ ಬಂದವಳು ಒಂದು ಗೊಂಚಲು ಪನ್ನೀರ್ ದ್ರಾಕ್ಷಿ ತರಲಿಲ್ಲ. ಮನುಷ್ಯಳಾ ನೀನು?”

“ಅತ್ತೇ, ತಮಾಷೆಗೆ ಟೈಮಿಲ್ಲ. ಪಾಂಡಿ ಒಳಗಿದಾನೆ.”

“ಗೊತ್ತು. ಬೋಡಿ ತನಕ ಸುದ್ದಿ ಬಂತು. ಆ ಪಾಪಿ ಪಾಂಡಿ ಕಳ್ಳ ಅಲ್ಲ. ನನ್ನ ಅಂಗಡಿಯಿಂದ ಒಂದು ಗಂಟೆ ಎತ್ಕೊಂಡು ಓದವನು, ತಿರುಗಿ ಬಂದು ಕೊಟ್ಟ. ಮರೆತು ಜೇಬಿಗೆ ಆಕ್ಕೊಂಡೆ ಅಂತ ಅಳ್ತಾ ಬಂದ.”

“ಜೆಯಕುಮಾರ್ ಬಂದನಾ ಇಲ್ಲಿ?”

“ಆ ಕುಡುಕನಾ? ಬಂದಿದ್ರೆ ಮೊದಲು ವಾಸನೆ ಬರ್ತಿತ್ತು.”

“ಅವನಲ್ಲದಿದ್ರೆ, ಬೇರೆ ಯಾರಾದರೂ ನಮ್ಮೂರವರು?”

ಚೆಲ್ಲಮ್ಮಾಳ್ ಗಂಟೆಯೊಂದನ್ನು ಎತ್ತಿ ಸುಮ್ಮನೆ ಅಲ್ಲಾಡಿಸಿದಳು. ಹೇಳಬೇಕೋ ಬೇಡವೋ ಎಂದು ಅಳೆಯುವಾಗ ಅವಳು ಹಾಗೆ ಮಾಡುತ್ತಾಳೆ.

“ಮುಖ ಯಾವುದೂ ಕಾಣಲಿಲ್ಲ. ಒಂದು ಯಾವಾರ ಮಾತ್ರ ನಂಗೆ ಸರಿ ಕಾಣಲಿಲ್ಲ. ಒಬ್ಬ ತರಕು ಬಂದ. ಈ ಕಡೆಯವನು, ತಮಿಳಿನವನು. ದೊಡ್ಡ ಓರಿಗೆ ಮೂಗುದಾರ ಬೇಕು ಅಂದ. ಅಳೇ ದಾರ ಅರಿದೋಯ್ತಾ ಅಂದೆ. ಇಲ್ಲ, ಇದೇ ಮೊದಲು ಅಂದ. ಅದರ ಮೇಲೆ ನಾಲಿಗೆ ಕಚ್ಕೊಂಡ.”

ತರಕು ಅಂದರೆ ದನದ ದಲ್ಲಾಳಿ. ಯಾರು ತಾನೆ ದೊಡ್ಡ ಹೋರಿಗೆ ಮೊದಲ ಸಲ ಮೂಗುದಾರ ಹಾಕುತ್ತಾರೆ? ಉಳುವ ದನಕ್ಕೆ, ಗಾಡಿಯ ದನಕ್ಕೆ ಎಳೆಯದರಲ್ಲೇ ಮೂಗು ಚುಚ್ಚುತ್ತಾರೆ. ಬೆಳೆದು ಡುಬ್ಬ ಏರಿದ ಮೇಲೂ ಚುಚ್ಚದ ಮೂಗಿನಲ್ಲಿ ಇರುವುದು ದೇವರಿಗೆ ಬಿಟ್ಟ ಹೋರಿ ಮಾತ್ರ.

“ಎಲ್ಲಿದಾನೆ ಅವನು?”

“ಬೇವಿನ ಮರದ ಕಡೆ ಓದ. ದೈವಾ, ಕೇಳಿಲ್ಲಿ. ಒಬ್ಬಳೇ ಓಗಬೇಡ. ಅಲ್ಲೆಲ್ಲ ಗಂಡಸರು.”

“ಗಂಡಸರು ಇರೋದು ಗೊತ್ತಿದ್ದೇ ಹೋಗ್ತಿರೋದು” ಎಂದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ದನದ ಬಯಲು ಅಂದರೆ ಬಿಸಿಲಿನಲ್ಲಿ ಕುದಿಯುವ ಕಡಾಯಿ. ಧೂಳು, ಸಗಣಿ, ಬೀಡಿಯ ಹೊಗೆ. ಕೊಂಬಿಗೆ ಬಣ್ಣ ಹಚ್ಚಿಸಿಕೊಂಡ ಎತ್ತುಗಳು, ಕರು ಕೂಗಿದರೆ ಕತ್ತು ತಿರುಗಿಸುವ ಹಸುಗಳು, ಹಲ್ಲು ಎಣಿಸುವವರು, ಬಾಲ ತಿರುಚುವವರು. ಅಲ್ಲಲ್ಲಿ ಇಬ್ಬಿಬ್ಬರು ಗಂಡಸರು ಕೈಗೆ ಕೈ ಕೊಟ್ಟು ಮೇಲೆ ಟವೆಲ್ಲು ಮುಚ್ಚಿಕೊಂಡು ನಿಂತಿದ್ದರು. ಟವೆಲ್ಲಿನ ಕೆಳಗೆ ಬೆರಳು ಒತ್ತಿ ರೇಟು ಹೇಳುತ್ತಾರೆ. ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ತುಂಡು ಎಂದು ಕರೆಯುವ ಆ ಟವೆಲ್ಲನ್ನು ಮೂರನೆಯವನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಚಂದೆಯೇ ಮೇಲೆ ಬೀಳುತ್ತದೆ.

ಬೇವಿನ ಮರದ ನೆರಳಿನ ಅಂಚಿನಲ್ಲಿ ಒಂದು ಹೋರಿ.

ಮೊದಲ ನೋಟಕ್ಕೆ ಅದು ನಮ್ಮದಲ್ಲ. ನಮ್ಮದು ಬೂದಿ ಬಣ್ಣ. ಇದರ ಬೆನ್ನ ಮೇಲೆ ಕಪ್ಪು ಪಟ್ಟೆ, ಕೊಂಬಿಗೆ ಕೆಂಪು ಹಸಿರು ಬಣ್ಣ, ಬಾಲದ ಕುಚ್ಚು ಕತ್ತರಿಸಿದೆ. ಮೂಗು ನೋಡಿದೆ. ಮೂಗಿನ ತುಂಬ ಅರಿಸಿನ ಬಳಿದಿದ್ದರು. ಅರಿಸಿನದ ಕೆಳಗೆ ಹಸಿ ಗಾಯ. ನೊಣ ಕೂತಾಗಲೆಲ್ಲ ಹೋರಿ ತಲೆ ಕೊಡವುತ್ತಿತ್ತು. ಕೊಡವಿದಾಗ ಹಗ್ಗ ಜಗ್ಗಿ ಮತ್ತೆ ನೋವಾಗುತ್ತಿತ್ತು. ಯಾಕೆ ನೋವು ಎಂದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅದನ್ನು ಹಗ್ಗದಲ್ಲಿ ಎಳೆದಿರಲಿಲ್ಲ.

ಹಗ್ಗ ಹಿಡಿದವನು ದಲ್ಲಾಳಿ. ಅವನ ಇನ್ನೊಂದು ಕೈ ಮೀಸೆಯವನೊಬ್ಬನ ಕೈ ಹಿಡಿದು ಟವೆಲ್ಲಿನ ಕೆಳಗೆ ಇತ್ತು.

ಅವರ ಹಿಂದೆ ಒಬ್ಬ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ವಾಚು. ತಲೆಗೆ ಸುತ್ತಿದ ಟವೆಲ್ಲನ್ನು ಮುಖಕ್ಕೆ ಇಳಿಬಿಟ್ಟಿದ್ದ. ದಲ್ಲಾಳಿಗೂ ತನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಿದ್ದ. ಮುಖ ಕಾಣಲಿಲ್ಲ. ನಾನು ಕೆಳಗೆ ನೋಡಿದೆ.

ಬಯಲಿನಲ್ಲಿದ್ದ ಪ್ರತಿ ಗಂಡಸಿನ ಕಾಲಲ್ಲೂ ಏನಾದರೊಂದು ಇತ್ತು. ಟಯರ್ ಚಪ್ಪಲಿ, ರಬ್ಬರ್ ಚಪ್ಪಲಿ, ಹರಿದ ಬೂಟು. ಆ ನೆಲದಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ.

ಇವನು ಬರಿಗಾಲಲ್ಲಿದ್ದ.

ಬಿಸಿ ತಾಳದೆ ಒಂದು ಕಾಲು ಎತ್ತಿ ಇನ್ನೊಂದರ ಮೇಲಿಟ್ಟುಕೊಳ್ಳುತ್ತಿದ್ದ. ಮತ್ತೆ ಅದನ್ನು ಇಳಿಸಿ ಇದನ್ನು ಎತ್ತುತ್ತಿದ್ದ. ಒಳ್ಳೆಯ ತೊಗಲಿನ ಚಪ್ಪಲಿ ಮರದ ಆಚೆ ಬುಡದಲ್ಲಿ ಜೋಡಿಸಿ ಇಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಸಿಗುತ್ತದೆ. ಹೋಗುತ್ತಿಲ್ಲ.

ಕದಿಯಬಹುದು. ಬಣ್ಣ ಬಳಿಯಬಹುದು. ಮೂಗು ಚುಚ್ಚಿಸಬಹುದು, ಮಾರಬಹುದು. ಅದರ ಎದುರು ಚಪ್ಪಲಿ ಹಾಕಿಕೊಂಡು ನಿಲ್ಲಬಾರದು! ಎಂಥ ಭಕ್ತಿ! ನನಗೆ ಮೈ ಉರಿದುಹೋಯಿತು.

ನನ್ನ ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ನೇರ ಹೋಗಿ ಇಬ್ಬರ ಕೈ ಮೇಲಿನ ಟವೆಲ್ಲನ್ನು ಕಿತ್ತು ಎಸೆದೆ.

ಬೆರಳು ಬೆರಳಿಗೆ ಸಿಕ್ಕಿಕೊಂಡ ಎರಡು ಕೈಗಳು ಬಿಸಿಲಲ್ಲಿ ಬೆತ್ತಲೆಯಾಗಿ ನಿಂತಿದ್ದವು. ಆಮೇಲೆ ಬಯಲೇ ಕೂಗಿತು.

“ಏಯ್! ಯಾರಿವಳು?”

“ಹುಚ್ಚು ಹಿಡಿದಿದೆಯಾ?”

“ತುಂಡು ಮುಟ್ಟಿದಳಪ್ಪಾ! ಹೆಂಗಸು ತುಂಡು ಮುಟ್ಟಿದಳು!”

ಮೀಸೆಯವನು ಕೈ ಜಾಡಿಸಿಕೊಂಡು ಹಿಂದೆ ಸರಿದ. ದಲ್ಲಾಳಿ ನನ್ನ ಮೇಲೆ ಏರಿ ಬಂದ. ನಾನು ಅವನ ಕಡೆ ನೋಡಲೂ ಇಲ್ಲ.

“ಏನಪ್ಪಾ ಸೆಕ್ರೆಟ್ರಿ,” ಎಂದೆ ನಮ್ಮ ಮಾತಿನಲ್ಲಿ, ಬರಿಗಾಲಿನವನಿಗೆ. “ಟವೆಲ್ಲು ಎತ್ತು. ನಿನ್ನ ಮಾವನ ಊರಿನವಳು ಬಂದಿದೀನಿ. ಮುಖ ತೋರಿಸಲ್ವಾ?”

ಅವನು ನಿಧಾನವಾಗಿ ಟವೆಲ್ಲು ತೆಗೆದ. ಕಾರ್ತಿಕೇಯನ್.

ಜೆಯಕುಮಾರ್ ಎಂದುಕೊಂಡಿದ್ದ ನನ್ನ ಲೆಕ್ಕ ತಪ್ಪಿತ್ತು. ತಪ್ಪಿದ್ದಕ್ಕೆ ಬೇಸರವಾಗಲಿಲ್ಲ. ಕುಡುಕನಿಗಿಂತ ಇವನ ಕೊರಳಪಟ್ಟಿ ಹಿಡಿಯುವುದರಲ್ಲಿ ಸುಖ ಜಾಸ್ತಿ. ಎಲ್ಲರನ್ನೂ ಗೂಡಲೂರಿಗೆ ಅಟ್ಟಿದವನು ಯಾಕೆ ಅಟ್ಟಿದ ಎಂದು ಈಗ ತಿಳಿಯಿತು.

ಅವನು ತಮಿಳಿನಲ್ಲಿ, ಸುತ್ತ ಇದ್ದವರಿಗೆ ಕೇಳುವ ಹಾಗೆ ಶುರು ಮಾಡಿದ. “ಅಕ್ಕಾ, ನೀವು ಇಲ್ಲಿ? ನಾನೂ ನಮ್ಮ ಹೋರಿ ಹುಡುಕ್ತಾ ಬಂದೆ. ಇದೋ ಇದರ ಮೇಲೆ ಅನುಮಾನ ಬಂತು, ನಿಂತು ನೋಡ್ತಿದ್ದೆ.”

“ಅನುಮಾನ ಬಂದವನು ಮುಖ ಯಾಕೆ ಮುಚ್ಕೊಂಡೆ?”

“ಬಿಸಿಲು.”

“ತಲೆಗೆ ಬಿಸಿಲು. ಕಾಲಿಗೆ?”

ಅವನು ಎತ್ತಿದ್ದ ಕಾಲನ್ನು ತಟ್ಟನೆ ಕೆಳಗಿಟ್ಟ.

“ತಮಿಳಿನಲ್ಲಿ ಮಾತಾಡಿ ಅಕ್ಕಾ,” ಎಂದ ಆಮೇಲೆ. “ಎಲ್ಲರಿಗೂ ಪುರಿಯಲಿ.”

“ಆಗಲಿ. ಎಲ್ಲರಿಗೂ ಪುರಿಯೋ ಹಾಗೇ ಹೇಳ್ತೀನಿ.” ತಮಿಳಿಗೆ ತಿರುಗಿ ಗಂಟಲು ಬಿಚ್ಚಿದೆ. “ಕೇಳ್ರಯ್ಯಾ! ಇದು ನಮ್ಮೂರಿನ ಸಾಮಿಗೆ ಬಿಟ್ಟ ಹೋರಿ. ಇದನ್ನ ಮಾರೋ ಹಾಗಿಲ್ಲ, ಹೂಡೋ ಹಾಗಿಲ್ಲ, ಮೂಗು ಚುಚ್ಚೋ ಹಾಗಿಲ್ಲ. ಇದರ ಮುಂದೆ ನಮ್ಮವರು ಚಪ್ಪಲಿ ಹಾಕಲ್ಲ. ಹಾಕಿದರೆ ಮನೆ ಬೀಳ್ತದೆ ಅಂತ ನಂಬ್ತಾರೆ. ಇದನ್ನ ಕದ್ದು ಬಣ್ಣ ಬಳಿದವರು ಯಾರೋ ಇಲ್ಲೇ ಇದಾರೆ. ಇವನು ತಾನಲ್ಲ ಅಂತಾನೆ. ಇದು ನಮ್ಮ ಹೋರಿ ಹೌದೋ ಅಲ್ಲವೋ ಅಂತ ಬರೀ ಅನುಮಾನ ಅಂತಾನೆ. ಸರಿ.”

ಮರದ ಬುಡಕ್ಕೆ ಹೋಗಿ ಆ ತೊಗಲಿನ ಚಪ್ಪಲಿ ಎತ್ತಿ ತಂದು ಅವನ ಮುಂದೆ ಹಾಕಿದೆ.

“ಕಪ್ಪು ಪಟ್ಟೆ ಇರೋ ಯಾವುದೋ ಊರಿನ ಹೋರಿ ತಾನೆ? ಇದರ ಮುಂದೆ ನೀನು ಬರಿಗಾಲಲ್ಲಿ ನಿಲ್ಲೋದು ಯಾಕೆ? ಮೆಟ್ಟು. ಮೆಟ್ಟಿಕೊಂಡು ಬಂದು ಇದರ ಮುಂದೆ ನಿಲ್ಲು. ನಿಂತರೆ ನಾನು ಈ ಚಂದೆಯಲ್ಲೇ ಉದ್ದಕ್ಕೂ ಬಿದ್ದು ನಿನ್ನ ಕ್ಷಮೆ ಕೇಳ್ತೀನಿ.”

ದನದ ಚಂದೆಯವರಿಗೆ ಪಂದ್ಯ ಅಂದರೆ ಅರ್ಥವಾಗುತ್ತದೆ. ಹಲ್ಲು ಎಣಿಸುತ್ತಿದ್ದವನು ಹಲ್ಲು ಬಿಟ್ಟು ಬಂದ. ಐದಾರು ಫೋನುಗಳು ಮೇಲೆದ್ದವು.

“ಹಾಕ್ರೀ ಸಾರ್, ಬರೀ ಚಪ್ಪಲಿ ತಾನೆ,” ಎಂದ ಯಾರೋ.

“ಬಿಸಿಲಿಗೆ ಒಳ್ಳೇದು,” ಎಂದ ಇನ್ನೊಬ್ಬ. ನಗು.

ಕಾರ್ತಿಕೇಯನ್ ನಕ್ಕ. ಹುಳ್ಳನೆಯ ನಗು. “ಇಷ್ಟೇ ತಾನೆ?” ಎಂದು ಬಲಗಾಲನ್ನು ಚಪ್ಪಲಿಗೆ ತೂರಿಸಿದ. ಎಡಗಾಲನ್ನೂ ತೂರಿಸಿದ. ಒಂದು ಹೆಜ್ಜೆ ಇಟ್ಟ.

ಹೋರಿ ಅವನ ಕಡೆ ತಲೆ ತಿರುಗಿಸಿತು.

ಅದಕ್ಕೆ ಏನು ತಿಳಿಯುತ್ತದೆ? ಅಷ್ಟು ಕಾಲ ಹಬ್ಬಕ್ಕೆ ಕಬ್ಬು ತಿನ್ನಿಸಿದ ಕೈ ಕಂಡಿತು, ಅದಕ್ಕೇ ನೋಡಿತು. ಮೂತಿ ಮುಂದೆ ಮಾಡಿ ಅವನ ಅಂಗಿಯ ಜೇಬು ಮೂಸಲು ಬಂತು. ಮೂಗಿನ ಅರಿಸಿನ ಬಿಳಿ ಅಂಗಿಗೆ ತಗುಲಿತು.

ಕಾರ್ತಿಕೇಯನ್ ಬೆಂಕಿ ತುಳಿದವನ ಹಾಗೆ ಚಪ್ಪಲಿ ಒದರಿದ. ಒಂದು ಅಲ್ಲಿ ಬಿತ್ತು, ಒಂದು ಇಲ್ಲಿ ಬಿತ್ತು. ಎರಡೂ ಕೈಯಿಂದ ಕೆನ್ನೆ ಕೆನ್ನೆ ಹೊಡೆದುಕೊಂಡ. ಬಾಯಲ್ಲಿ ತಮಿಳು ಹೋಗಿ ನಮ್ಮ ಮಾತು ಬಂದಿತ್ತು. “ತಪ್ಪಾಯ್ತು ಸಾಮೀ, ತಪ್ಪಾಯ್ತು, ತಪ್ಪಾಯ್ತು...”

ಸುತ್ತ ನಿಂತ ಜನಕ್ಕೆ ಆ ಮಾತು ತಿಳಿಯದಿದ್ದರೂ ಆ ಕೆನ್ನೆ ಏಟು ತಿಳಿಯಿತು.

“ಅಡ ಪಾವೀ!” ಎಂದ ಮೀಸೆಯವನು. “ಸಾಮಿ ಹೋರೀನ ನನ್ನ ತಲೆಗೆ ಕಟ್ಟೋಕೆ ಬಂದ್ಯಾ?”

ದಲ್ಲಾಳಿ ಇನ್ನು ಕಾಯಲಿಲ್ಲ. ಹಗ್ಗ ಬಿಸಾಕಿ ದನಗಳ ಹೊಟ್ಟೆಯ ಕೆಳಗೆ ತೂರಿ ಮಾಯವಾದ. ಹಗ್ಗ ನೆಲಕ್ಕೆ ಬಿದ್ದರೆ ಹೋರಿ ಬೆದರಿ ಓಡುತ್ತದೆ, ಗಾಯದ ಮೂಗು ಹರಿದು ಹೋಗುತ್ತದೆ. ನಾನು ಹಾರಿ ಹಿಡಿದೆ.

“ಈಗ ಹೇಳು,” ಎಂದೆ. “ಫೋನು ತೆಗಿ. ನಿನ್ನ ಮಾವನಿಗೆ ಮಾಡು. ಪಾಂಡಿ ಅಲ್ಲ, ನಾನು ಅಂತ ನಿನ್ನ ಬಾಯಿಂದ ಹೇಳು. ಇವರೆಲ್ಲ ಕೇಳಲಿ.”

ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕೆನ್ನೆ ಕೆಂಪಾಗಿತ್ತು.

“ನಿನಗೆ ಏನೂ ಗೊತ್ತಿಲ್ಲ ದೈವಕ್ಕಾ.”

“ಗೊತ್ತಿರೋದು ಸಾಕು.”

“ನನ್ನೊಬ್ಬನ ಕೆಲಸ ಅನ್ಕೊಂಡ್ಯಾ? ಇಂಥದ್ದು ಒಬ್ಬನ ಕೈಲಿ ಆಗ್ತದಾ?”

“ಇನ್ನೊಬ್ಬ ಯಾರು?”

ಅವನು ಚಂದೆಯ ಬಾಗಿಲ ಕಡೆ ನೋಡಿದ. ಮತ್ತೆ ನನ್ನ ಕೈಯಲ್ಲಿದ್ದ ಹಗ್ಗ ನೋಡಿದ. ಅವನ ಮುಖದಲ್ಲಿ ಹೆದರಿಕೆ ಇಳಿದು ಬೇರೆ ಏನೋ ಏರುತ್ತಿತ್ತು. ನನಗೆ ಅದು ಹಿಡಿಸಲಿಲ್ಲ.

“ಕಯಿರು ನಿನ್ನ ಕೈಲಿದೆ ನೋಡು,” ಎಂದ ಮೆಲ್ಲಗೆ. “ನನ್ನ ಕೈಲಿ ಏನಿದೆ?”

ಎರಡೂ ಅಂಗೈ ಬಿಚ್ಚಿ ತೋರಿಸಿದ. ಖಾಲಿ.

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಪಾಂಡಿಯ ಹೆಂಡತಿ ಜೆಯಂತಿ. ಬೆಳಗಿನಿಂದ ಠಾಣೆಯ ಮುಂದೆಯೇ ಕೂತಿದ್ದಳು. ಒಳ್ಳೆಯ ಸುದ್ದಿ ನಾನೇ ಮೊದಲು ಹೇಳಬೇಕೆಂದು ಅವಳು ಬಾಯಿ ತೆಗೆಯುವ ಮೊದಲೇ ಕಿರುಚಿದೆ. “ಸಿಕ್ತು ಜೆಯಂತೀ! ಹೋರಿ ಸಿಕ್ತು! ಕಳ್ಳನೂ ಸಿಕ್ಕ! ನಿನ್ನ ಗಂಡನ್ನ ರಾತ್ರಿ ಊಟಕ್ಕೆ ಮನೆಗೆ ಕರ್ಕೊಂಡು ಬರ್ತೀನಿ!”

ಆ ಕಡೆ ಅವಳು ಬಿಕ್ಕಿದಳು.

“ಜೆಯಂತೀ?”

“ಅಕ್ಕಾ... ಅವರು ಒಪ್ಕೊಂಡ್ರು.”

“ಯಾರು? ಏನು?”

“ನಮ್ಮನೆಯವರೇ ಅಕ್ಕಾ. ನಾನೇ ಕದ್ದೆ ಅಂತ ಬರೆದು ಕೊಟ್ರು.”

“ಹೊಡೆದ್ರಾ? ಹೊಡೆದ್ರಾ ಹೇಳು!”

“ಯಾರೂ ಹೊಡೀಲಿಲ್ಲ. ನಾಟಾಮೆ ಬಂದಿದ್ರು. ಕೋಲು ಊರ್ಕೊಂಡು ಒಳಗೆ ಹೋದ್ರು, ಇವರ ಹತ್ತಿರ ಒಬ್ಬರೇ ಕೂತು ಮಾತಾಡಿದ್ರು. ಅವರು ಹೋದ ಮೇಲೆ ಇವರು ಎದ್ದು ಒಪ್ಕೊಂಡ್ರು. ಅದಷ್ಟೇ ಅಲ್ಲ ಅಕ್ಕಾ. ಕದಿಯೋಕೆ ಹೇಳಿದ್ದು ನೀವು ಅಂದ್ರು. ದೈವಾನೈ ಹೇಳಿದಳು, ನಾನು ಹೊಡ್ಕೊಂಡು ಬಂದೆ, ಅವಳು ದಿಂಡಿಗಲ್ಲಲ್ಲಿ ಮಾರ್ತಿದಾಳೆ ಅಂದ್ರು.”

ತಕ್ಕಡಿ ತಂದು ನೆಲಕ್ಕೆ ಕುಕ್ಕಿದ ಪಾಂಡಿ. ಒಂದು ಗಂಟೆ ತಿರುಗಿ ಕೊಡಲು ಅಳುತ್ತಾ ಬಂದ ಪಾಂಡಿ. ಕಾರ್ತಿಕೇಯನ್ ಹೇಳದ ಆ ಇನ್ನೊಬ್ಬ ನಾಟಾಮೆಯೇ. ಏನು ಹೇಳಿದರು ಆ ಮುದುಕರು ಪಾಂಡಿಗೆ? ಏನು ಹೇಳಿದರೆ ಅಂಥವನು ನನ್ನ ಹೆಸರು ಬಾಯಿಂದ ತೆಗೆಯುತ್ತಾನೆ?

“ಅಕ್ಕಾ, ನೀವು ಅಲ್ಲಿ ನಿಲ್ಲಬೇಡಿ. ನಂಗೆ ಈಗಷ್ಟೇ ಹೇಳಿದ್ರು, ಜೀಪು ಹೊರಟು ಬಹಳ ಹೊತ್ತಾಯ್ತು. ಹೋರಿ ಬಿಟ್ಟು ಓಡಿ ಅಕ್ಕಾ.”

ತಲೆ ಎತ್ತಿದೆ. ಸೀರೆ ಹರವಿದ ಹಗ್ಗಗಳ ಸಂದಿಯಿಂದ ಇಬ್ಬರು ಖಾಕಿಯವರು ದನಗಳನ್ನು ತಳ್ಳಿಕೊಂಡು ಬರುತ್ತಿದ್ದರು. ಮುಂದಿನವನ ಕೈಯಲ್ಲಿ ಫೋನು. ಅದರ ಪರದೆ ನೋಡುತ್ತಾ, ಜನರ ಮುಖ ನೋಡುತ್ತಾ ಬರುತ್ತಿದ್ದ. ಈಗ ಐದಾರು ಮಂದಿ ತೆಗೆದ ವಿಡಿಯೋ ಅಷ್ಟು ಬೇಗ ಅವನಿಗೆ ಹೋಗಿರಲಾರದು. ನನ್ನ ಫೋಟೋ ಅವನಿಗೆ ಮೊದಲೇ ಯಾರೋ ಕೊಟ್ಟಿದ್ದರು.

ಕಾರ್ತಿಕೇಯನ್ ಎದ್ದು ಪಂಚೆಯ ಧೂಳು ಕೊಡವಿದ. “ಇಲ್ಲೇ ಸಾರ್!” ಎಂದು ಕೈ ಬೀಸಿದ. “ಹಿಡಿದು ನಿಲ್ಲಿಸಿದೀನಿ ಸಾರ್! ಬನ್ನಿ!”

ಮೀಸೆಯವನು ನನ್ನ ಮುಖ ನೋಡಿದ, ಅವನ ಮುಖ ನೋಡಿದ. ಯಾರನ್ನು ನಂಬಬೇಕೆಂದು ತಿಳಿಯದೆ ಒಂದು ಹೆಜ್ಜೆ ಹಿಂದಕ್ಕಿಟ್ಟ. ಅವನ ಜೊತೆ ಇಡೀ ಬಯಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ನಡುವೆ ಉಳಿದದ್ದು ಹೋರಿ ಮತ್ತು ನಾನು.

ದೂರದಲ್ಲಿ ಚೆಲ್ಲಮ್ಮಾಳ್ ಗೋಣಿ ಬಿಟ್ಟು ಎದ್ದು ನಿಂತು ಎರಡೂ ಕೈ ಬೀಸಿ ಕೂಗುತ್ತಿದ್ದಳು. “ಬಿಟ್ಟುಬಿಡಡೀ ದೈವಾ! ಕಯಿರು ಬಿಡು! ಓಡು!”

ಬಿಟ್ಟರೆ ಓಡಬಹುದಿತ್ತು. ಸೀರೆ ಸಾಲಿನ ಆಚೆ ಬಸ್ ನಿಲ್ದಾಣ. ಹೋರಿ ಕಾರ್ತಿಕೇಯನ್ ಕೈಗೆ ಹೋಗುತ್ತದೆ. ಹುಡುಕಿದವನು ಅವನಾಗುತ್ತಾನೆ. ಪಾಂಡಿ ಒಪ್ಪಿಕೊಂಡ ಕಳ್ಳನಾಗಿಯೇ ಜೈಲಿಗೆ ಹೋಗುತ್ತಾನೆ. ಯಾಕೆ ಒಪ್ಪಿಕೊಂಡೆ ಎಂದು ಅವನನ್ನು ಕೇಳಲು ಯಾರೂ ಇರುವುದಿಲ್ಲ.

“ದೈವಾನೈ ಯಾರು?” ಎಂದ ಮುಂದಿನ ಖಾಕಿಯವನು.

“ನಾನೇ,” ಎಂದೆ. “ಪಾಂಡಿ ಇರೋ ಠಾಣೆಗೇ ಕರ್ಕೊಂಡು ಹೋಗ್ರಿ. ಬೇರೆ ಎಲ್ಲಿಗೂ ಬರಲ್ಲ.”

“ಮೊದಲು ಹಗ್ಗ ಇವರ ಕೈಗೆ ಕೊಡಮ್ಮಾ,” ಎಂದು ಅವನು ಕಾರ್ತಿಕೇಯನ್ ಕಡೆ ತೋರಿಸಿದ.

ಕಾರ್ತಿಕೇಯನ್ ಕೈ ಚಾಚಿದ.

ನಾನು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಗಂಟು ಹಾಕಿದೆ.